ಕೊರೊನಾ ಕಾಲದ ಕರುಳುಬೇನೆ

2020ರ ಬೇಸಿಗೆಯಲ್ಲಿ ಕರಾವಳಿಯ ಬಹುತೇಕ ಅಡುಗೆಮನೆಗಳಲ್ಲಿ ಚಾಕ್ಕಿಂತ ಮೊದಲು ಕಷಾಯ ಒಲೆಗೇರುತ್ತಿತ್ತು. ಕಾಳುಮೆಣಸು, ಶುಂಠಿ, ಅರಸಿನ, ಅಂಗಳದ ಬೇಲಿಯಿಂದ ಕೊಯ್ದ ಅಮೃತಬಳ್ಳಿ, ಎಲ್ಲವೂ ವಾಟ್ಸಾಪ್‌ನಲ್ಲಿ ಬಂದ ಅಳತೆಯ ಪ್ರಕಾರ. ಮೆಡಿಕಲ್ ಶಾಪಿನಲ್ಲಿ ವಿಟಮಿನ್ ಸಿ ಮಾತ್ರೆ ಸಿಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಇಮ್ಯುನಿಟಿ ಹೆಚ್ಚಬೇಕು.

ಅದೇ ಊರುಗಳ ಕೆಲವೇ ಕೆಲವು ಮನೆಗಳಲ್ಲಿ ಅಪ್ಪ ಅಮ್ಮ ಮಗುವಿಗೆ ದಿನವೂ ಇಮ್ಯುನಿಟಿಯನ್ನು ತಗ್ಗಿಸುವ ಮಾತ್ರೆ ನುಂಗಿಸಬೇಕಿತ್ತು. ಇಡೀ ಲೋಕ ಒಂದು ದಿಕ್ಕಿಗೆ ಓಡುವಾಗ ಇವರದು ಎದುರು ದಿಕ್ಕು. ಕರುಳಿನ ದೀರ್ಘಕಾಲದ ಉರಿಯೂತ ಇರುವ ಮಕ್ಕಳ ಮನೆಗಳು ಅವು. ಮಹಾಮಾರಿಯ ಆ ಎರಡು ವರ್ಷಗಳಲ್ಲಿ ಈ ಮಕ್ಕಳಿಗೆ ವೈರಸ್‌ನಿಂದ ಆಗಬಹುದಾಗಿದ್ದ ತೊಂದರೆಗಿಂತ, ವೈರಸ್‌ನ ಹೆದರಿಕೆಯಲ್ಲಿ ಔಷಧ ನಿಲ್ಲಿಸಿದ್ದರಿಂದ ಆಗಬಹುದಾಗಿದ್ದ ತೊಂದರೆಯೇ ದೊಡ್ಡದು. ಇದು ಆಮೇಲೆ ಹೊಳೆದ ಜಾಣತನವಲ್ಲ. 2020ರ ಏಪ್ರಿಲ್ ಹೊತ್ತಿಗೇ ವೈದ್ಯರ ಕೈಯಲ್ಲಿ ಇದಕ್ಕೆ ಅಂಕಿಅಂಶ ಇತ್ತು. ಅದು ಕಾಪುವಿನ ಅಥವಾ ಕಾರ್ಕಳದ ಮನೆಯವರೆಗೆ ತಲುಪುವುದಕ್ಕೆ ಮಾತ್ರ ಹೊತ್ತು ಹಿಡಿಯಿತು.

ಮೊದಲು ಕಾಯಿಲೆಯ ಮಾತು. ಡಾಕ್ಟರುಗಳು ಇದನ್ನು ಐಬಿಡಿ ಎನ್ನುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ಕೆಡುವ ಐಬಿಎಸ್ ಬೇರೆ, ಅದರಲ್ಲಿ ಕರುಳಿಗೆ ಗಾಯವಾಗುವುದಿಲ್ಲ. ಐಬಿಡಿಯಲ್ಲಿ ಕರುಳಿನ ಒಳಗೋಡೆ ನಿಜವಾಗಿಯೂ ಹುಣ್ಣಾಗುತ್ತದೆ, ರಕ್ತ ಸೋರುತ್ತದೆ. ಕಾರಣ ಹೊರಗಿನ ಯಾವುದೋ ಒಂದು ಕ್ರಿಮಿಯಲ್ಲ. ಕರುಳಿನಲ್ಲಿ ಸದಾ ಇರುವ ನಿರುಪದ್ರವಿ ಬ್ಯಾಕ್ಟೀರಿಯಾಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಅಳತೆ ಮೀರಿ ಹರಿಹಾಯುತ್ತದೆ. ಹುಟ್ಟಿನಿಂದ ಬಂದ ಜೀನ್‌ಗಳ ಪಾತ್ರವೂ ಇದೆ, ಸುತ್ತಲಿನ ಪರಿಸರದ ಪಾತ್ರವೂ ಇದೆ. ಮನೆಯ ನಾಯಿ ಮನೆಯವರನ್ನೇ ಕಚ್ಚತೊಡಗಿದರೆ ಅದಕ್ಕೆ ಇನ್ನಷ್ಟು ಮಾಂಸ ಹಾಕಿ ಬಲಪಡಿಸುವುದಿಲ್ಲ, ಕಟ್ಟಿಹಾಕುತ್ತೇವೆ. ಐಬಿಡಿಯ ಚಿಕಿತ್ಸೆ ಅಂಥದು.

ಇದರಲ್ಲಿ ಎರಡು ಮುಖ್ಯ ಬಗೆ. ದೊಡ್ಡ ಕರುಳಿಗೆ ಮಾತ್ರ ಸೀಮಿತವಾದದ್ದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುವ, ಕರುಳಿನ ಗೋಡೆಯನ್ನು ಆಳಕ್ಕೆ ಕೊರೆಯುವ ಇನ್ನೊಂದು, ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿವರಿಸಿದ್ದರಿಂದ ಆ ಹೆಸರು. ಇವೆರಡೂ ಬಿಳಿಯರ ಕಾಯಿಲೆ, ಗಂಜಿ ಉಣ್ಣುವ ನಮಗೆ ಬರುವುದಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ ಮನೆಮನೆ ಸಮೀಕ್ಷೆ ಮಾಡಿ, ಲಕ್ಷ ಜನರಿಗೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ ಎಂದು 2003ರಲ್ಲಿ ಪ್ರಕಟಿಸಿದರು. ಅದಕ್ಕೂ ಮೂರು ವರ್ಷ ಮೊದಲು, 2000ದಲ್ಲಿ, ನಮ್ಮ ಮಣಿಪಾಲದ ಕೆಎಂಸಿಯ ಡಾ. ಸಿ. ಗಣೇಶ್ ಪೈ ಮತ್ತು ಸಂಗಡಿಗರು ದೇಶದ ಜಠರ-ಕರುಳು ತಜ್ಞರ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಕ್ರೋನ್ಸ್ ಕಾಯಿಲೆ ಭಾರತದಲ್ಲಿ ನಿಜಕ್ಕೂ ಅಪರೂಪವೇ ಎಂಬ ಪ್ರಶ್ನೆಯೇ ಅದರ ತಲೆಬರಹ. ಅಂಥ ಪ್ರಶ್ನೆ ದೆಹಲಿ, ಮುಂಬೈ ಬಿಟ್ಟು ಉಡುಪಿ ಜಿಲ್ಲೆಯ ಗುಡ್ಡದ ಮೇಲಿಂದ ಎದ್ದದ್ದು ನನಗಂತೂ ಹೆಮ್ಮೆಯ ಸಂಗತಿ. ಹಾಗಿದ್ದೂ ಆಸ್ಪತ್ರೆಯ ಗೇಟಿನಿಂದ ಹೊರಗೆ ಈ ಕಾಯಿಲೆಯ ಹೆಸರು ಕೇಳಿದವರು ಇಂದಿಗೂ ಕಡಿಮೆ.

ಒಟ್ಟು ಐಬಿಡಿ ರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಅದು ಇಪ್ಪತ್ತು ವರ್ಷದೊಳಗೇ ಪತ್ತೆಯಾಗುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಲೆಕ್ಕ. ಆರು ವರ್ಷದೊಳಗಿನ ಮಕ್ಕಳಲ್ಲಿ ಬಂದರೆ ವೈದ್ಯರು ಒಂದೇ ಜೀನ್‌ನ ದೋಷವೇನಾದರೂ ಇದೆಯೇ ಎಂದು ಬೇರೆಯಾಗಿಯೇ ಹುಡುಕುತ್ತಾರೆ. ಮಗು ಬಾಯಿಬಿಟ್ಟು ಹೇಳುವುದಿಲ್ಲ. ಹನ್ನೆರಡು ವರ್ಷದ ಹುಡುಗ ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಅಮ್ಮನಿಗೆ ಹೇಳಲು ನಾಚುತ್ತಾನೆ. ಹೇಳಿದರೂ ಮನೆಯ ಮೊದಲ ತೀರ್ಮಾನ ಸಿದ್ಧವಾಗಿಯೇ ಇರುತ್ತದೆ: ಉಷ್ಣ ಆಗಿದೆ. ಸೀಯಾಳ ಕುಡಿಸುತ್ತಾರೆ, ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುತ್ತಾರೆ, ಕೊಡಸಿಗೆ ಹೂ ಒಣಗಿಸಿಟ್ಟಿದ್ದರೆ ಅದನ್ನೂ ಅರೆಯುತ್ತಾರೆ. ನಾಲ್ಕು ದಿನದ ಸಾಮಾನ್ಯ ಆಮಶಂಕೆಗೆ ಅದೆಲ್ಲ ಸರಿಯೇ. ಆದರೆ ರಕ್ತಭೇದಿ ಮೂರು ನಾಲ್ಕು ವಾರ ದಾಟಿದರೆ, ರಾತ್ರಿ ನಿದ್ದೆಯಿಂದೆಬ್ಬಿಸಿ ಪಾಯಿಖಾನೆಗೆ ಓಡಿಸಿದರೆ, ತಂಬುಳಿಯ ಹೊತ್ತು ಮುಗಿಯಿತು. ಮಕ್ಕಳಿಗೆ ಮೂಲವ್ಯಾಧಿ ಬರುವುದು ತೀರಾ ಅಪರೂಪ. ಹಾಗಾಗಿ ಪರೀಕ್ಷಿಸದೆ ಮೂಲವ್ಯಾಧಿ ಎಂದು ಮುಲಾಮು ಕೊಡುವುದೂ ಸರಿಯಲ್ಲ.

ಕ್ರೋನ್ಸ್ ಕಾಯಿಲೆ ಇನ್ನೂ ಮೋಸದ್ದು. ಅದರಲ್ಲಿ ಭೇದಿಯೇ ಇಲ್ಲದಿರಬಹುದು. ಊಟವಾದ ಮೇಲೆ ಹೊಟ್ಟೆ ನುಲಿತ, ಬಾಯಿಹುಣ್ಣು, ಗಂಟುನೋವು, ಆಗಾಗ ಸಣ್ಣ ಜ್ವರ, ಗುದದ್ವಾರದ ಬಳಿ ಮಾಯದ ಕುರು, ಇಷ್ಟೇ ಕಾಣಬಹುದು. ಕೆಲವು ಮಕ್ಕಳಲ್ಲಿ ಇದಾವುದೂ ಕಣ್ಣಿಗೆ ಬೀಳುವ ಮೊದಲೇ ಬೆಳವಣಿಗೆ ನಿಂತಿರುತ್ತದೆ. ಆರನೇ ಕ್ಲಾಸಿಗೆ ಹೊಲಿಸಿದ ಯೂನಿಫಾರಂ ಎಂಟನೇ ಕ್ಲಾಸಿಗೂ ಸರಿಯಾಗುತ್ತಿದ್ದರೆ ಉಳಿತಾಯವಾಯಿತೆಂದು ಖುಷಿಪಡಬಾರದು, ಎತ್ತರ ಅಳೆಯಬೇಕು. ಜತೆಯ ಹುಡುಗಿಯರೆಲ್ಲ ದೊಡ್ಡವರಾಗಿ ಇವಳೊಬ್ಬಳು ಆಗದಿರುವುದಕ್ಕೂ ಕರುಳೇ ಕಾರಣವಾಗಿರಬಹುದು. ಬೆಳವಣಿಗೆಗೆ ಇರುವ ವರ್ಷಗಳು ಕೆಲವೇ. ಆ ಅವಧಿ ಕಳೆದು ಹೋದರೆ ಆಮೇಲೆ ಎಷ್ಟು ಒಳ್ಳೆಯ ಔಷಧ ಕೊಟ್ಟರೂ ತಪ್ಪಿದ ಎತ್ತರ ಬಾರದು. ದೊಡ್ಡವರ ಐಬಿಡಿಗೂ ಮಕ್ಕಳ ಐಬಿಡಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಲಾಕ್‌ಡೌನಿನಲ್ಲಿ ಆರು ತಿಂಗಳು ಮುಂದೂಡೋಣ ಎನ್ನುವುದು ನಲವತ್ತರವನಿಗೆ ಒಂದು ರೀತಿ, ಹನ್ನೆರಡರವನಿಗೆ ಬೇರೆಯೇ ರೀತಿ.

ನಮ್ಮ ದೇಶದಲ್ಲಿ ಇನ್ನೊಂದು ಸಿಕ್ಕು ಹೊಟ್ಟೆಯ ಟಿಬಿ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ತಿರುವು ಕ್ರೋನ್ಸ್‌ಗೂ ಟಿಬಿಗೂ ಸಮಾನ ಪ್ರಿಯ. ಎಂಡೋಸ್ಕೋಪಿಯಲ್ಲಿ ಎರಡೂ ಒಂದೇ ಥರ ಕಾಣಬಹುದು, ಬಯಾಪ್ಸಿಯೂ ಎಷ್ಟೋ ಸಲ ಖಚಿತವಾಗಿ ಹೇಳುವುದಿಲ್ಲ. ಟಿಬಿಯನ್ನು ಕ್ರೋನ್ಸ್ ಎಂದು ತಿಳಿದು ಇಮ್ಯುನಿಟಿ ತಗ್ಗಿಸಿದರೆ ಟಿಬಿ ಮೈಯೆಲ್ಲ ಹರಡೀತು. ಕ್ರೋನ್ಸನ್ನು ಟಿಬಿ ಎಂದು ತಿಳಿದರೆ ತಿಂಗಳುಗಟ್ಟಲೆ ಬೇಡದ ಔಷಧ. ಅನುಮಾನ ಉಳಿದಾಗ ವೈದ್ಯರು ಮೊದಲು ಟಿಬಿ ಔಷಧ ಕೊಟ್ಟು, ಎರಡು ಮೂರು ತಿಂಗಳಿಗೆ ಮತ್ತೆ ಎಂಡೋಸ್ಕೋಪಿ ಮಾಡಿ ಹುಣ್ಣು ಮಾದಿದೆಯೇ ನೋಡುತ್ತಾರೆ. ಮಾರ್ಚ್ 2020ರಲ್ಲಿ ಇಂಥ ಪರೀಕ್ಷಾ ಅವಧಿಯ ನಡುವೆ ಸಿಕ್ಕಿಬಿದ್ದ ಮಗುವಿನ ಪಾಡು ಊಹಿಸಿ. ತುರ್ತಲ್ಲದ ಎಂಡೋಸ್ಕೋಪಿಯನ್ನೆಲ್ಲ ಮುಂದೂಡಬೇಕೆಂದು ತಜ್ಞರ ಸಂಘಗಳೇ ಹೇಳಿದ್ದ ಕಾಲ ಅದು.

2020ರ ಮಾರ್ಚ್ 25 ಉಡುಪಿಯ ಮಟ್ಟಿಗೆ ವಿಚಿತ್ರ ದಿನ. ದೇಶದ ಲಾಕ್‌ಡೌನಿನ ಮೊದಲ ದಿನವೂ ಅದೇ, ಜಿಲ್ಲೆಯ ಮೊದಲ ಕೊರೊನಾ ಪ್ರಕರಣ ದೃಢಪಟ್ಟದ್ದೂ ಅಂದೇ. ಟೆಲಿಮೆಡಿಸಿನ್‌ಗೆ, ಅಂದರೆ ಫೋನ್ ಮತ್ತು ವಿಡಿಯೋದಲ್ಲಿ ರೋಗಿಯನ್ನು ನೋಡಿ ಔಷಧ ಬರೆಯುವುದಕ್ಕೆ, ಭಾರತದಲ್ಲಿ ಮೊದಲ ಬಾರಿಗೆ ಸ್ಪಷ್ಟ ಮಾರ್ಗಸೂಚಿ ಬಂದದ್ದೂ ಅದೇ ತಾರೀಕಿಗೆ. ಮೊದಲೆರಡು ಸುದ್ದಿ ಎಲ್ಲರಿಗೂ ಗೊತ್ತಾಯಿತು. ಮೂರನೆಯದು ಈ ಮಕ್ಕಳಿಗೆ ಎಲ್ಲಕ್ಕಿಂತ ಉಪಯೋಗದ್ದಾಗಿತ್ತು, ಅದು ಒಳಪುಟದ ಸುದ್ದಿಯೂ ಆದಂತೆ ನೆನಪಿಲ್ಲ.

ಖಾಸಗಿ ಬಸ್ಸುಗಳೇ ಈ ಜಿಲ್ಲೆಯ ಜೀವ. ಅವು ನಿಂತವು. ಕಾರ್ಕಳದಿಂದಾಗಲಿ ಕಾಪುವಿನಿಂದಾಗಲಿ ಮಣಿಪಾಲಕ್ಕೆ ಹೋಗಲು ಸ್ವಂತ ವಾಹನ ಬೇಕು, ಪೊಲೀಸರಿಗೆ ತೋರಿಸಲು ಚೀಟಿ ಬೇಕು. ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡದಿಂದ ಮಣಿಪಾಲವನ್ನೇ ನಂಬಿ ಬರುವವರಿಗೆ ಜಿಲ್ಲೆಯ ಗಡಿಯೇ ಅಡ್ಡ. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಏಪ್ರಿಲ್ ಆರಂಭಕ್ಕೇ ಸಂಪೂರ್ಣವಾಗಿ ಕೋವಿಡ್‌ಗೆ ಬಿಟ್ಟುಕೊಡಲಾಯಿತು. ಅದು ಸರಿಯಾದ ನಿರ್ಧಾರವೇ. ಕೋವಿಡ್ ಒಂದು ಕಟ್ಟಡದಲ್ಲಿದ್ದರೆ ಬೇರೆ ರೋಗಿಗಳು ಇನ್ನೊಂದಕ್ಕೆ ಧೈರ್ಯವಾಗಿ ಹೋಗಬಹುದು. ಆದರೆ ಜನ ಯೋಚಿಸಿದ್ದು ಹಾಗಲ್ಲ. ಆಸ್ಪತ್ರೆ ಎಂದರೇ ಕೊರೊನಾ ಎಂದಾಗಿ, ಮಣಿಪಾಲದ ದಾರಿಯನ್ನೇ ಮರೆತವರು ಇದ್ದರು.

ದಕ್ಷಿಣಕ್ಕೆ ಹೋದರೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಗಡಿಯಾಚೆ ಕೇರಳದ ಮಂಜೇಶ್ವರ, ಕುಂಬಳೆಯ ಕನ್ನಡ, ತುಳು ಮನೆಗಳಿಗೆ ಆಸ್ಪತ್ರೆ ಎಂದರೆ ಮಂಗಳೂರೇ. ಆ ದಾರಿ ತಪ್ಪಿ ರೋಗಿಗಳು ಸತ್ತ ವರದಿಗಳು ಬಂದವು. ತಡೆ ತೆಗೆಯಿರಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ಚಿಕಿತ್ಸೆಯ ರೋಗಿಗಳನ್ನು ಬಿಡುವ ಒಪ್ಪಂದ ಏಪ್ರಿಲ್ 7ಕ್ಕೆ ಆಯಿತು. ಆ ತುರ್ತು ಪಟ್ಟಿಯಲ್ಲಿ ಎಂಟು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವ ಮಗು ಎಲ್ಲಿ ನಿಲ್ಲುತ್ತದೆ? ನಡೆದಾಡುತ್ತಿರುವ, ಮುಖ ನೋಡಿದರೆ ಆರಾಮಿರುವ ಮಗುವಿನದು ತುರ್ತು ಎಂದು ಗಡಿಯ ಪೊಲೀಸನಿಗೆ ಅರ್ಥಮಾಡಿಸುವುದು ಹೇಗೆ?

ಆ ಡ್ರಿಪ್ ಏನೆಂದು ಹೇಳಬೇಕು. ಉರಿಯೂತವನ್ನು ಹೊತ್ತಿಸುವ ಟಿಎನ್ಎಫ್ ಎಂಬ ಪ್ರೋಟೀನನ್ನು ಹಿಡಿದು ಕಟ್ಟುವ ಇನ್ಫ್ಲಿಕ್ಸಿಮ್ಯಾಬ್ ಎಂಬ ಔಷಧ ಅದು. ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕು. ಆಸ್ಪತ್ರೆಯಲ್ಲೇ ಆಗಬೇಕು, ಅರ್ಧ ದಿನದ ಕೆಲಸ. ಮಧ್ಯೆ ದೀರ್ಘವಾಗಿ ಬಿಟ್ಟರೆ ದೇಹ ಆ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಬಹುದು. ಮತ್ತೆ ಶುರುಮಾಡುವಾಗ ಅಲರ್ಜಿಯಾಗಬಹುದು, ಇಲ್ಲವೇ ಔಷಧ ನಾಟದೆ ಹೋಗಬಹುದು. ದುಬಾರಿ ಔಷಧ ಬೇರೆ. ಒಮ್ಮೆ ಅದು ಕೈಕೊಟ್ಟರೆ ಮಕ್ಕಳಿಗೆ ಉಳಿಯುವ ಆಯ್ಕೆಗಳು ಬೆರಳೆಣಿಕೆಯವು.

ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಹಗುರ ಕೊಲೈಟಿಸ್‌ಗೆ ಮೆಸಲಮೈನ್ ಸಾಕಾಗುತ್ತದೆ. ಅದು ಕರುಳಿನ ಒಳಗೋಡೆಯ ಮೇಲಷ್ಟೇ ಕೆಲಸ ಮಾಡುವಂಥದು, ಇಮ್ಯುನಿಟಿಯನ್ನು ತಗ್ಗಿಸುವುದೂ ಇಲ್ಲ. ಅಜಥಯೋಪ್ರಿನ್ ಮಾತ್ರೆ ತಗ್ಗಿಸುತ್ತದೆ. ಅದನ್ನು ನುಂಗುವ ಮಗುವಿನ ಬಿಳಿರಕ್ತಕಣಗಳನ್ನು ಆಗಾಗ ಎಣಿಸಬೇಕು. ಕಾಯಿಲೆ ಉಲ್ಬಣಿಸಿದಾಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಮನೆಯವರಿಗೆ ಇವೆಲ್ಲ ಒಂದೇ ಚೀಲದ ಮಾತ್ರೆಗಳು. ಅಕ್ಕಪಕ್ಕದವರೋ, ಫೋನಿನಲ್ಲಿ ದುಬೈಯ ಮಾವನೋ, ಇಮ್ಯುನಿಟಿ ತಗ್ಗಿಸುವ ಮಾತ್ರೆಯಂತಲ್ಲ, ಈ ಟೈಮಿನಲ್ಲಿ ಕೊಡ್ತೀರಾ ಮಾರಾಯ್ರೆ, ಎಂದು ಕೇಳಿದರೆ ಯಾವ ತಾಯಿಯ ಕೈ ನಡುಗದು? ಚೀಲ ಪೂರ್ತಿ ಕಪಾಟು ಸೇರುತ್ತದೆ. ಮೆಸಲಮೈನ್ ನಿಂತದ್ದರಿಂದ ಕೆಲವು ವಾರಗಳಲ್ಲಿ ರಕ್ತಭೇದಿ ಮರಳಬಹುದು. ವಾರಗಟ್ಟಲೆ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ ಅದಕ್ಕಿಂತ ಹತ್ತಿರದ್ದು. ಹೊರಗಿನಿಂದ ಬರುತ್ತಿದ್ದ ಸ್ಟೀರಾಯ್ಡಿಗೆ ಒಗ್ಗಿಹೋದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ರಕ್ತದೊತ್ತಡ ಕುಸಿದು ಮಗು ಐಸಿಯು ಸೇರಬಹುದು.

ಈ ಹೆದರಿಕೆಗೆ ಉತ್ತರ ಬೇಗನೆ ಬಂತು. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘದಲ್ಲಿ ಪೋರ್ಟೊ ಗುಂಪು ಎಂಬ ಐಬಿಡಿ ತಜ್ಞರ ತಂಡವಿದೆ. ಅವರು ಮಾರ್ಚ್ 2020ರಲ್ಲೇ ಜಗತ್ತಿನ ಅನುಭವ ಕಲೆಹಾಕಿದರು. ಅಷ್ಟರವರೆಗೆ ಕೋವಿಡ್ ತಗುಲಿದ ಐಬಿಡಿ ಮಕ್ಕಳು ಅವರ ಲೆಕ್ಕಕ್ಕೆ ಸಿಕ್ಕಿದ್ದು ಎಂಟು. ಇಮ್ಯುನಿಟಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೂ ಎಂಟು ಮಂದಿಗೂ ಸೌಮ್ಯ ಕಾಯಿಲೆ, ಒಬ್ಬರೂ ಆಸ್ಪತ್ರೆ ಸೇರಲಿಲ್ಲ. ಚೀನಾ ಮತ್ತು ದಕ್ಷಿಣ ಕೊರಿಯಾದಲ್ಲಿ ಹೆದರಿ 79 ಮಕ್ಕಳ ಡ್ರಿಪ್ ಮುಂದೂಡಿದ್ದರು. ಆ ಪೈಕಿ 17 ಮಕ್ಕಳ ಕಾಯಿಲೆ ಮರಳಿ ಕೆರಳಿತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಎಂಟು ಎಂಬುದು ಸಣ್ಣ ಸಂಖ್ಯೆ, ನಿಜ. ಆದರೆ ಔಷಧ ತಪ್ಪಿಸಿದ್ದರ ಬೆಲೆ ಕಣ್ಣೆದುರೇ ಇತ್ತು.

ದೊಡ್ಡ ಸಂಖ್ಯೆಯೂ ಆಮೇಲೆ ಸಿಕ್ಕಿತು. ಕೋವಿಡ್ ಬಂದ ಐಬಿಡಿ ರೋಗಿಗಳನ್ನೆಲ್ಲ ದಾಖಲಿಸಲು ಅಮೆರಿಕದ ವೈದ್ಯರು ಸೆಕ್ಯೂರ್-ಐಬಿಡಿ ಎಂಬ ಅಂತರರಾಷ್ಟ್ರೀಯ ದಾಖಲೆ ತೆರೆದಿದ್ದರು. ಅದರಲ್ಲಿ 23 ದೇಶಗಳ 209 ಮಕ್ಕಳ ವಿವರ ಪ್ರಕಟವಾದಾಗ ಆಸ್ಪತ್ರೆ ಸೇರಿದವರು 14, ವೆಂಟಿಲೇಟರ್ ಬೇಕಾದವರು ಇಬ್ಬರು, ಸಾವು ಒಂದೂ ಇಲ್ಲ. ಕುತೂಹಲದ ಸಂಗತಿ ಇನ್ನೊಂದಿದೆ. ಎಲ್ಲರೂ ಹೆಚ್ಚು ಹೆದರಿದ್ದ ಇನ್ಫ್ಲಿಕ್ಸಿಮ್ಯಾಬ್‌ನಂಥ ಔಷಧವನ್ನು ಒಂಟಿಯಾಗಿ ತೆಗೆದುಕೊಳ್ಳುತ್ತಿದ್ದ ಮಕ್ಕಳು ಆಸ್ಪತ್ರೆ ಸೇರಿದ್ದು ಕಡಿಮೆ. ಹೆಚ್ಚು ಸೇರಿದವರು ಯಾರೆಂದರೆ ಸ್ಟೀರಾಯ್ಡ್ ಮೇಲಿದ್ದವರು, ಮತ್ತು ಕರುಳಿನ ಕಾಯಿಲೆ ಹತೋಟಿಗೆ ಬಾರದೆ ಇದ್ದವರು. ಅಂದರೆ ಕೊರೊನಾಗೆ ಹೆದರಿ ಔಷಧ ಬಿಟ್ಟ ಮಗು, ಕಾಯಿಲೆ ಕೆರಳಿ, ಅದನ್ನು ತಣಿಸಲು ಸ್ಟೀರಾಯ್ಡ್ ಬೇಕಾಗಿ, ಕೊರೊನಾದಿಂದ ಹೆಚ್ಚು ತೊಂದರೆಯಾಗುವ ಗುಂಪಿಗೆ ತಾನಾಗಿ ನಡೆದು ಬಂದಂತಾಯಿತು.

ಸ್ಟೀರಾಯ್ಡ್ ಬಗ್ಗೆ ಆ ವರ್ಷ ಎಲ್ಲರಿಗೂ ಗೊಂದಲ. ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಸೋನ್ ಉಳಿಸುತ್ತದೆ ಎಂದಿತು. ಅದು ಸೋಂಕಿನ ಎರಡನೇ ಹಂತದ ಮಾತು. ಸೋಂಕು ತಗುಲುವ ಮೊದಲೇ ಸ್ಟೀರಾಯ್ಡ್ ಮೇಲಿರುವುದು ಬೇರೆ. ಈ ಸೂಕ್ಷ್ಮ ಟಿವಿ ಚರ್ಚೆಯಲ್ಲಿ ಉಳಿಯುವಂಥದಲ್ಲ.

ಕ್ರೋನ್ಸ್ ಇರುವ ಮಕ್ಕಳಿಗೆ ಸ್ಟೀರಾಯ್ಡ್ ತಪ್ಪಿಸುವ ಒಂದು ದಾರಿ ಮೊದಲಿನಿಂದಲೂ ಇದೆ, ಅದು ಔಷಧವೇ ಅಲ್ಲ. ಆರರಿಂದ ಎಂಟು ವಾರ ಬೇರೆ ಏನೂ ತಿನ್ನದೆ, ಎಲ್ಲ ಪೋಷಕಾಂಶ ಇರುವ ದ್ರವಾಹಾರವನ್ನಷ್ಟೇ ಕುಡಿಯುವುದು. ಕಾಯಿಲೆಯನ್ನು ಶಮನ ಮಾಡುವುದರಲ್ಲಿ ಇದು ಸ್ಟೀರಾಯ್ಡಿಗೆ ಸರಿಸಮ, ಮೇಲಾಗಿ ಮಗು ಬೆಳೆಯುತ್ತದೆ. ಮಹಾಮಾರಿಯ ಕಾಲಕ್ಕೆ ಹೇಳಿಮಾಡಿಸಿದ ಚಿಕಿತ್ಸೆ. ಮನೆಯಲ್ಲೇ ಆಗುತ್ತದೆ. ಆದರೆ ಎರಡು ತಿಂಗಳು ಕುಚ್ಚಲಕ್ಕಿ ಅನ್ನ, ಮೀನುಸಾರು, ನೀರುದೋಸೆ ಯಾವುದನ್ನೂ ಮುಟ್ಟದೆ ಡಬ್ಬಿಯ ಹಾಲಿನಂಥದನ್ನೇ ಕುಡಿಯಬೇಕು, ಮನೆಯವರೆಲ್ಲ ಇಪ್ಪತ್ತನಾಲ್ಕು ಗಂಟೆ ಒಳಗೇ ಇದ್ದು ಹಲಸಿನ ಹಪ್ಪಳ ಕರಿಯುತ್ತಿರುವಾಗ! ಬಾಯಿಯಿಂದ ಆಗದಿದ್ದರೆ ಮೂಗಿನ ನಳಿಕೆಯಿಂದ ಕೊಡುತ್ತಾರೆ. ಗಂಜಿಯನ್ನೇ ಎರಡು ತಿಂಗಳು ಕೊಟ್ಟರಾಗದೇ ಎಂದರೆ, ಆಗದು. ಗಂಜಿ ಕರುಳಿಗೆ ಹಿತ, ಆದರೆ ಅದರಲ್ಲಿ ಪ್ರೋಟೀನು ಸಾಲದು, ಬೆಳೆಯುವ ಮಗುವಿಗೆ ಅದೊಂದೇ ಊಟವಾಗಲಾರದು. ಅಲ್ಸರೇಟಿವ್ ಕೊಲೈಟಿಸ್‌ಗೆ ಈ ದ್ರವಾಹಾರದ ಉಪಾಯ ಫಲಿಸುವುದೂ ಇಲ್ಲ.

ಕೊರೊನಾ ತಾನೇ ಹೊಟ್ಟೆಯನ್ನೂ ಕೆಡಿಸುತ್ತಿತ್ತು. ವೈರಸ್ ಒಳನುಗ್ಗಲು ಬಳಸುವ ಎಸಿಇ-2 ಎಂಬ ಬಾಗಿಲು ಸಣ್ಣ ಕರುಳಿನ ಕೋಶಗಳಲ್ಲಿ ಧಾರಾಳ. ಸೋಂಕಾಗಿ ಎರಡರಿಂದ ಆರು ವಾರಕ್ಕೆ ಕೆಲವು ಮಕ್ಕಳಲ್ಲಿ ಕಾಣಿಸಿದ ಎಂಐಎಸ್-ಸಿ ಎಂಬ ತೀವ್ರ ಉರಿಯೂತವೂ ಜ್ವರ, ಹೊಟ್ಟೆನೋವು, ಭೇದಿಯಿಂದಲೇ ಶುರುವಾಗುತ್ತಿತ್ತು. ಅಪೆಂಡಿಸೈಟಿಸ್ ಎಂದುಕೊಂಡು ಆಪರೇಷನ್ ಕೋಣೆಯವರೆಗೆ ಹೋದ ಮಕ್ಕಳ ವರದಿಗಳಿವೆ. ಐಬಿಡಿ ಇರುವ ಮಗುವಿಗೆ ಭೇದಿ ಹೆಚ್ಚಿದರೆ ಇದು ಹಳೆಯ ಕಾಯಿಲೆಯೋ ಹೊಸ ವೈರಸ್ಸೋ ಎಂದು ತಿಳಿಯಲು ಪರೀಕ್ಷೆಯೇ ಬೇಕು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇಂಥಲ್ಲಿ ಬಹಳ ಉಪಕಾರಿ. ಮಗುವನ್ನು ಮುಟ್ಟದೆ, ಎಂಡೋಸ್ಕೋಪಿ ಮಾಡದೆ, ಒಂದು ಡಬ್ಬಿ ಮಲದಿಂದ ಕರುಳಿನ ಉರಿಯೂತ ಎಷ್ಟಿದೆ ಎಂದು ಅಂದಾಜಿಸಬಹುದು. ಡಬ್ಬಿಯನ್ನು ಅಪ್ಪನೊಬ್ಬನೇ ಬೈಕಿನಲ್ಲಿ ಲ್ಯಾಬಿಗೆ ಮುಟ್ಟಿಸಿದರೆ ಆಯಿತು. ಅಜಥಯೋಪ್ರಿನ್‌ಗೆ ಬೇಕಾದ ರಕ್ತಪರೀಕ್ಷೆ ಊರಿನ ಲ್ಯಾಬಿನಲ್ಲೇ ಆಗುತ್ತದೆ, ವರದಿಯ ಫೋಟೋ ಕಳಿಸಿದರೆ ಡಾಕ್ಟರು ಅಲ್ಲಿಂದಲೇ ಡೋಸು ಹೇಳಬಹುದು. ಫೋನಿಗೆ ಆಗದ್ದೆಂದರೆ ಮಗುವಿನ ಎತ್ತರ ತೂಕ ಅಳೆಯುವುದು. ಎತ್ತರವನ್ನಾದರೂ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ ಮನೆಯವರೇ ಅಳೆಯಬಹುದಿತ್ತು, ಹೇಳಿಕೊಟ್ಟವರು ಕಡಿಮೆ.

ಮೇ ತಿಂಗಳ ಮಧ್ಯದವರೆಗೆ ಉಡುಪಿ ಹೆಚ್ಚುಕಡಿಮೆ ನೆಮ್ಮದಿಯಲ್ಲಿತ್ತು. ಆಮೇಲೆ ಮುಂಬೈಯ ಹೋಟೆಲುಗಳನ್ನು ಮುಚ್ಚಿ ನಮ್ಮವರು ಸಂಸಾರ ಸಮೇತ ಊರಿಗೆ ಬಂದರು. ಜೂನ್ 2ರಂದು ರಾಜ್ಯದಲ್ಲಿ ಪತ್ತೆಯಾದ 388 ಪ್ರಕರಣಗಳಲ್ಲಿ 150 ಉಡುಪಿಯವು, ಬಹುಪಾಲು ಮಹಾರಾಷ್ಟ್ರದಿಂದ ಬಂದವರು. ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ದಿನಕ್ಕೆ ಎಂಟು ಹತ್ತು ಸಲ ಪಾಯಿಖಾನೆಗೆ ಓಡಬೇಕಾದ ಮಗುವಿಗೆ ಹತ್ತಾರು ಮಂದಿ ಬಳಸುವ ಶಾಲೆಯ ಶೌಚಾಲಯವೇ ಗತಿ ಎಂದರೆ, ಅದು ಊಟವನ್ನೇ ಬಿಡುತ್ತದೆ. ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗಲೂ ಇದೇ ಪ್ರಶ್ನೆ. ಮೂರು ಗಂಟೆ ಮಾಸ್ಕ್ ಹಾಕಿ ಕುಳಿತು, ಮಧ್ಯೆ ಎದ್ದು ಹೋಗಲು ಅನುಮತಿ ಕೇಳಬೇಕು. ಆನ್‌ಲೈನ್ ಕ್ಲಾಸನ್ನು ಬೈಯದವರಿಲ್ಲ, ಆದರೆ ಈ ಮಕ್ಕಳಲ್ಲಿ ಕೆಲವರಿಗಾದರೂ ಅದು ನಿರಾಳ ತಂದಿರಬೇಕು. ಕ್ಯಾಮೆರಾ ಆಫ್ ಮಾಡಿ ಎದ್ದು ಹೋದರೆ ಯಾರೂ ನಗುವುದಿಲ್ಲ.

ಕಷಾಯದ ಮಾತಿಗೆ ಬರುತ್ತೇನೆ. ಜೀರಿಗೆ, ಶುಂಠಿಯ ಸಾದಾ ಕಷಾಯದಿಂದ ಈ ಮಕ್ಕಳಿಗೆ ದೊಡ್ಡ ಹಾನಿಯೇನೂ ಇಲ್ಲ, ಕಾಳುಮೆಣಸು ಜಾಸ್ತಿಯಾದರೆ ಹೊಟ್ಟೆ ಉರಿಯಬಹುದು. ಅಮೃತಬಳ್ಳಿಯ ವಿಷಯ ಬೇರೆ. ಅದನ್ನು ಸೇವಿಸಿದ ಆರು ಮಂದಿಗೆ ಯಕೃತ್ತಿನ ಉರಿಯೂತ ಆದದ್ದನ್ನು ಮುಂಬೈಯ ತಜ್ಞರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಪ್ರಕಾರ, ಮೊದಲೇ ತನ್ನ ಮೈಮೇಲೆ ತಾನೇ ಹರಿಹಾಯುವ ಇಮ್ಯುನಿಟಿ ಇರುವ ಮಗುವಿಗೆ, ಯಕೃತ್ತಿನ ಮೇಲೆ ಕಣ್ಣಿಡಬೇಕಾದ ಮಾತ್ರೆಗಳ ಜತೆಗೆ, ಅದನ್ನು ಕುಡಿಸಲು ಯಾವ ಕಾರಣವೂ ಇಲ್ಲ. ಜ್ವರಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಯೂ ಬೇಡ, ಅವು ಕರುಳನ್ನು ಕೆರಳಿಸಬಹುದು. ಪ್ಯಾರಾಸಿಟಮಾಲ್ ಸಾಕು. ಬೆಂಗಳೂರಿನ ಕಂಪನಿಯ ಡೋಲೊ ಆಗ ದೇಶದ ತಿಂಡಿಯಂತೆ ಖರ್ಚಾದದ್ದು ಈ ಮಟ್ಟಿಗೆ ಒಳ್ಳೆಯದೇ ಆಯಿತು, ಮಕ್ಕಳ ಡೋಸು ಮಾತ್ರ ತೂಕ ನೋಡಿ ಕೊಡಬೇಕು.

ಕೊರೊನಾ ಲಸಿಕೆ 15ರಿಂದ 18ರವರಿಗೆ 2022ರ ಜನವರಿ 3ಕ್ಕೂ, 12ರಿಂದ 14ರವರಿಗೆ ಮಾರ್ಚ್ 16ಕ್ಕೂ ಶುರುವಾಯಿತು. ಮೊದಲನೆಯವರಿಗೆ ಕೊವ್ಯಾಕ್ಸಿನ್, ಎರಡನೆಯವರಿಗೆ ಕೋರ್ಬೆವ್ಯಾಕ್ಸ್. ಎರಡರಲ್ಲೂ ಜೀವಂತ ವೈರಸ್ ಇಲ್ಲ, ಹಾಗಾಗಿ ಇಮ್ಯುನಿಟಿ ತಗ್ಗಿದ ಮಕ್ಕಳಿಗೂ ತೊಂದರೆಯಿಲ್ಲ. ತೊಂದರೆ ಇರುವುದು ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳದು. ಅವನ್ನು ಅಜಥಯೋಪ್ರಿನ್, ಇನ್ಫ್ಲಿಕ್ಸಿಮ್ಯಾಬ್ ಶುರುಮಾಡಿದ ಮೇಲೆ ಕೊಡುವಂತಿಲ್ಲ. ಕಾಯಿಲೆ ಪತ್ತೆಯಾದ ದಿನವೇ ಮಗುವಿನ ಲಸಿಕೆ ಕಾರ್ಡು ಹುಡುಕಿ ಡಾಕ್ಟರಿಗೆ ತೋರಿಸಬೇಕು. ಎಷ್ಟೋ ಮನೆಗಳಲ್ಲಿ ಆ ಕಾರ್ಡು ಅಂಗನವಾಡಿಯ ದಿನಗಳ ನಂತರ ಕಂಡದ್ದೇ ಇಲ್ಲ.

ಇನ್ಫ್ಲಿಕ್ಸಿಮ್ಯಾಬ್‌ಗೆ ಮೊದಲು ಇನ್ನೂ ಒಂದು ಪರೀಕ್ಷೆ ಕಡ್ಡಾಯ. ಎದೆಯ ಎಕ್ಸ್‌ರೇ ಜತೆಗೆ, ತೋಳಿಗೆ ಮಾಂಟೂ ಚುಚ್ಚಿ ಅಥವಾ ರಕ್ತ ತೆಗೆದು, ಒಳಗೆಲ್ಲಾದರೂ ಟಿಬಿ ನಿದ್ರಿಸುತ್ತಿದೆಯೇ ಎಂದು ನೋಡುತ್ತಾರೆ. ಟಿಎನ್ಎಫ್ ಎಂಬ ಆ ಪ್ರೋಟೀನೇ ಟಿಬಿಯನ್ನು ಒಳಗೆ ಕಟ್ಟಿಹಾಕಿರುವುದು. ಅದನ್ನು ತೆಗೆದರೆ ಮಲಗಿದ್ದ ಟಿಬಿ ಏಳುತ್ತದೆ. ಮನೆಯಲ್ಲಿ ಅಜ್ಜನಿಗೆ ತಿಂಗಳಿಂದ ಕೆಮ್ಮಿದೆ ಎಂಬುದನ್ನು ಡಾಕ್ಟರು ಕೇಳದಿದ್ದರೂ ಹೇಳಬೇಕು. ಈ ಔಷಧದ ಮೇಲಿರುವ ಮಗುವಿಗೆ ನಮ್ಮ ದೇಶದಲ್ಲಿ ನಿಜವಾಗಿ ಹೆದರಬೇಕಾದ ಸೋಂಕು ಕೊರೊನಾಗಿಂತ ಹೆಚ್ಚಾಗಿ ಟಿಬಿಯೇ.